ದೂರದ ಬೆಟ್ಟ, ಹತ್ತಿರದ ಬೆರಗು



ಬೆಟ್ಟ ಹತ್ತುವವರ ಬಾಯಲ್ಲಿ ಹೆಚ್ಚಾಗಿ ಕೇಳಿಬರುವುದು ದೇವರ ನಾಮ ಅಂತ ನಾವು ಅಂದುಕೊಂಡಿರುತ್ತೇವೆ. ಮೆಟ್ಟಿಲ ಬದಿ ಸ್ವಲ್ಪ ಹೊತ್ತು ಕೂತು ಕೇಳಿದರೆ ಗೊತ್ತಾಗುತ್ತದೆ, ಹೆಚ್ಚಾಗಿ ಕೇಳುವುದು "ಇನ್ನೂ ಎಷ್ಟು ಮೆಟ್ಟಿಲು ಇದೆ ಸ್ವಾಮಿ?" ಎಂಬ ಪ್ರಶ್ನೆ! ಇಳಿದು ಬರುವವರು, "ಇನ್ನೇನು ಬಂದೇ ಬಿಡ್ತು, ಹತ್ತಿ ಹತ್ತಿ" ಎಂದು ಧೈರ್ಯ ಹೇಳಿ ಹೋಗುತ್ತಾರೆ. ಹತ್ತುವವರ ಕಣ್ಣೆಲ್ಲ ಮೇಲಿನ ಗೋಪುರದಲ್ಲಿ. ಮನಸ್ಸೆಲ್ಲ ಕ್ಯೂ ಎಷ್ಟುದ್ದ ಇದೆಯೋ, ಕೊನೆಯ ಬಸ್ಸು ಸಿಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ. ಕಾಲಿಟ್ಟ ಕಲ್ಲು ಹೇಗಿತ್ತು, ದಾರಿಯಲ್ಲಿ ಯಾವ ಮರ ನೆರಳು ಕೊಟ್ಟಿತು, ನೀರು ಕೊಟ್ಟವಳ ಮುಖ ಹೇಗಿತ್ತು ಅಂತ ಮೇಲೆ ಹೋದವರನ್ನು ಕೇಳಿದರೆ ಹೇಳುವವರು ಕಡಿಮೆ.

ಜೊತೆಯಲ್ಲಿ ಬಂದ ಮಗು ಮಾತ್ರ ಹಾಗಲ್ಲ. ಹತ್ತು ಮೆಟ್ಟಿಲಿಗೊಮ್ಮೆ ನಿಲ್ಲುತ್ತದೆ. ಇರುವೆ ಸಾಲು ನೋಡುತ್ತದೆ. "ಇದು ಯಾಕೆ ಹೀಗಿದೆ?" ಅನ್ನುತ್ತದೆ. ನಾವು ಕೈ ಹಿಡಿದು ಎಳೆಯುತ್ತೇವೆ: "ಸುಮ್ನೆ ಬಾ, ಟೈಮಾಯ್ತು."

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಯಾರು ಸರಿ? ಗುರಿಯ ಮೇಲೆ ಕಣ್ಣಿಟ್ಟು ನಡೆಯುವ ನಾವೋ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ನೋಡಿ ಹಿಗ್ಗುವ ಮಗುವೋ? ದಿನನಿತ್ಯದ ಸಣ್ಣ ಸಣ್ಣ ಸಂಗತಿಗಳಲ್ಲಿ ಸಂತೋಷ ಕಾಣುವುದು, "ಇದೇನಿದು?" ಎಂದು ಕುತೂಹಲ ಪಡುವುದು ಒಳ್ಳೆಯದೋ, ಅಥವಾ ಮನಸ್ಸಿನ ಚಾಂಚಲ್ಯವೋ? ಹೊಟ್ಟೆ ತುಂಬಿದವರ ಹವ್ಯಾಸವೋ, ಎಲ್ಲರಿಗೂ ಬೇಕಾದ ಗುಣವೋ? ಬೆಟ್ಟ ಹತ್ತಿ ಬಂದಿದ್ದೀರಿ, ಕಾಲು ನೋಯುತ್ತಿರಬಹುದು. ಯಾವುದಾದರೂ ಮಂಟಪದ ನೆರಳಿನಲ್ಲಿ ಕೂತು ಇದನ್ನು ಸ್ವಲ್ಪ ವಿಚಾರ ಮಾಡೋಣ.

ಹಿತ್ತಲ ಗಿಡ ಮದ್ದಲ್ಲ

ನಮ್ಮ ಹಿರಿಯರು ಎರಡು ಗಾದೆ ಕೊಟ್ಟುಹೋಗಿದ್ದಾರೆ. ಒಂದು, "ದೂರದ ಬೆಟ್ಟ ನುಣ್ಣಗೆ". ಇನ್ನೊಂದು, "ಹಿತ್ತಲ ಗಿಡ ಮದ್ದಲ್ಲ". ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದು ಕಣ್ಣಿಗೇ ಬೀಳುವುದಿಲ್ಲ. ಎರಡೂ ಗಾದೆ ಒಂದೇ ರೋಗದ ಎರಡು ಲಕ್ಷಣ. ಅತಿಯಾಗಿ ಪರಿಚಯವಾದದ್ದರ ಮೇಲೆ ಅಸಡ್ಡೆ ಹುಟ್ಟುವುದು ಮನುಷ್ಯಸ್ವಭಾವ.

ಉದಾಹರಣೆಗೆ ಕುರಿಂಜಿ ಹೂವನ್ನೇ ತೆಗೆದುಕೊಳ್ಳಿ. ನೀಲಕುರಿಂಜಿ 12 ವರ್ಷಕ್ಕೊಮ್ಮೆ ಅರಳುವ ಹೂವು. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದ ಇಳಿಜಾರಿನಲ್ಲಿ ಅದು ಅರಳಿದಾಗ ಜನ ದೂರದೂರದ ಊರುಗಳಿಂದ ಕಾರು ಮಾಡಿಕೊಂಡು ಹೋದರು. ಹೋಗಬೇಕಾದ್ದೇ, ತಪ್ಪಿಲ್ಲ. ಆದರೆ ನಮ್ಮ ಮನೆಯ ಚರಂಡಿ ಪಕ್ಕದಲ್ಲಿ ತಾನಾಗಿ ಬೆಳೆದ ಸಂಜೆಮಲ್ಲಿಗೆ ಗಿಡವೂ ಒಂದು ವಿಚಿತ್ರ ಮಾಡುತ್ತದೆ. ದಿನವೂ ಸಂಜೆ ನಾಲ್ಕು ಗಂಟೆ ದಾಟುತ್ತಿದ್ದಂತೆ, ಗಡಿಯಾರ ನೋಡಿಕೊಂಡವರ ಹಾಗೆ, ಅರಳಲು ಶುರು ಮಾಡಿ ರಾತ್ರಿಯೆಲ್ಲ ಪರಿಮಳ ಬೀರಿ ಬೆಳಗಾದ ಮೇಲೆ ಮುದುಡುತ್ತದೆ. ಒಂದೇ ಗಿಡದಲ್ಲಿ ಕೆಂಪು, ಹಳದಿ, ಎರಡೂ ಬೆರೆತ ಗೀರುಗೀರಿನ ಹೂವು ಬಿಡುವುದೂ ಉಂಟು. ಮೂಲದಲ್ಲಿ ಇದು ಅಮೆರಿಕ ಖಂಡದ ಗಿಡ. ಸಮುದ್ರ ದಾಟಿ ಬಂದು ನಮ್ಮ ಹಿತ್ತಲಲ್ಲಿ ಮನೆಮಗಳಾಯಿತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವುದು ಬೆರಗು ಎಂದಾದರೆ, ದಿನವೂ ಹೊತ್ತು ತಪ್ಪದೆ ಅರಳುವುದು ಯಾಕೆ ಬೆರಗಲ್ಲ?

ಪೂಜೆಯ ತಟ್ಟೆಯಲ್ಲೇ ಇರುವುದು

ದೂರ ಹೋಗುವುದು ಬೇಡ. ಈಗ ನಿಮ್ಮ ಕೈಯಲ್ಲಿರುವ ಪೂಜೆಯ ತಟ್ಟೆಯನ್ನೇ ನೋಡಿ.

ತೆಂಗಿನಕಾಯಿಯ ಜುಟ್ಟು ಬಿಡಿಸಿದರೆ ಮೂರು ಕಣ್ಣು ಕಾಣುತ್ತವೆ. ಮುಕ್ಕಣ್ಣನ ಗುರುತು ಎಂದು ನಾವು ಕೈ ಮುಗಿಯುತ್ತೇವೆ. ಬೆರಳಿನಿಂದ ಮೂರನ್ನೂ ಒತ್ತಿ ನೋಡಿ. ಎರಡು ಗಟ್ಟಿಯಾಗಿರುತ್ತವೆ, ಒಂದು ಮೆತ್ತಗೆ. ತೆಂಗಿನ ಮೊಳಕೆ ಹೊರಬರುವುದು ಆ ಮೆತ್ತಗಿನ ಕಣ್ಣಿನಿಂದಲೇ. ಕಲ್ಲಿಗೆ ಕುಟ್ಟಿದರೂ ಸುಲಭಕ್ಕೆ ಒಡೆಯದ ಚಿಪ್ಪಿನೊಳಗಿಂದ ಎಳೆಯ ಮೊಳಕೆ ಹೇಗೆ ದಾರಿ ಮಾಡಿಕೊಂಡೀತು ಎಂಬುದಕ್ಕೆ ಅಲ್ಲೇ ಏರ್ಪಾಡಾಗಿದೆ. ವರ್ಷಕ್ಕೆ ಎಷ್ಟು ಕಾಯಿ ಒಡೆಯುತ್ತೇವೆ, ಎಷ್ಟು ಜನ ಇದನ್ನು ಮುಟ್ಟಿ ನೋಡಿದ್ದೇವೆ?

ಪಕ್ಕದಲ್ಲಿ ಕರ್ಪೂರ. ಹಚ್ಚಿದರೆ ಬೂದಿ ಉಳಿಯದೆ ಉರಿದುಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಚ್ಚದೆ ಡಬ್ಬಿಯಲ್ಲಿ ಇಟ್ಟರೂ ಅದು ದಿನದಿಂದ ದಿನಕ್ಕೆ ಸಣ್ಣಗಾಗುತ್ತಾ ಹೋಗುತ್ತದೆ. ಮಂಜುಗಡ್ಡೆ ಕರಗಿ ನೀರಾಗಿ ಆಮೇಲೆ ಆವಿಯಾಗುತ್ತದೆ. ಕರ್ಪೂರ ನೀರಾಗುವ ಗೋಜಿಗೇ ಹೋಗದೆ ಗಟ್ಟಿಯಿಂದ ನೇರವಾಗಿ ಗಾಳಿಗೆ ಸೇರುತ್ತದೆ. ನಮ್ಮ ಮೂಗಿಗೆ ಬರುವ ಪರಿಮಳ ಎಂದರೆ ಆ ಕರ್ಪೂರದ್ದೇ ಕಣಗಳು.

ಆರತಿಯ ನೀರು ಕೆಂಪಗಿರುತ್ತದಲ್ಲ, ಅದರಲ್ಲಿ ಕೆಂಪು ಬಣ್ಣದ ಪದಾರ್ಥ ಒಂದೂ ಇಲ್ಲ! ಹಳದಿ ಅರಿಶಿನಕ್ಕೆ ಬಿಳಿ ಸುಣ್ಣ ಸೇರಿಸಿದ್ದಾರೆ, ಅಷ್ಟೆ. ಅರಿಶಿನದ ಬಣ್ಣಕ್ಕೆ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಹುಳಿ ತಗುಲಿದರೆ ಮತ್ತೆ ಹಳದಿಯಾಗುತ್ತದೆ. ಅದಕ್ಕೇ ಬಟ್ಟೆಯ ಮೇಲೆ ಸಾರು ಚೆಲ್ಲಿದ ಕಡೆ ಸೋಪು ಉಜ್ಜಿದ ಕೂಡಲೇ ಕಲೆ ಕೆಂಪಾಗಿ ಗಾಬರಿ ಹುಟ್ಟಿಸುವುದು. ನಮ್ಮ ಅಜ್ಜಿಯಂದಿರು ಯಾವ ಪ್ರಯೋಗಶಾಲೆಗೂ ಹೋಗದೆ ಇದನ್ನು ಕಂಡುಕೊಂಡಿದ್ದರು. ಕಣ್ಣು ಬಿಟ್ಟು ಅಡುಗೆ ಮಾಡಿದರು, ಕಣ್ಣು ಬಿಟ್ಟು ಆರತಿ ಎತ್ತಿದರು.

ಮೆಟ್ಟಿಲ ಬದಿಯಲ್ಲಿ

ಇನ್ನು ದಾರಿಯ ವಿಷಯ. ನಮ್ಮ ನಾಡಿನ ಬೆಟ್ಟಗಳ ಕಲ್ಲು ಪ್ರಪಂಚದ ಬಹಳ ಹಳೆಯ ಕಲ್ಲುಗಳಲ್ಲಿ ಸೇರಿದ್ದು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನ ಗಾಳಿ ಸೇವನೆಗೆ ಹತ್ತಿ ಕೂರುವ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ರಾಮನಗರದ ಗುಡ್ಡಗಳದ್ದು ಸುಮಾರು 250 ಕೋಟಿ ವರ್ಷ. ಆ ಊರಿಗೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು, ಆ ಕಲ್ಲಿಗೂ ಭೂವಿಜ್ಞಾನಿಗಳು ಅದೇ ಹೆಸರಿಟ್ಟಿದ್ದಾರೆ. ಅರವತ್ತು ಎಪ್ಪತ್ತು ವರ್ಷದ ಬಾಳಿನ ಕಷ್ಟ ಹೇಳಿಕೊಳ್ಳಲು ಬಂದವರು ಕೋಟಿ ಕೋಟಿ ವರ್ಷದ ಹಿರಿಯನ ಹೆಗಲ ಮೇಲೆ ಕಾಲಿಟ್ಟು ಬಂದಿದ್ದೇವೆ ಅನ್ನಿ.

ಆ ಕಲ್ಲಿನ ಮೇಲೆ ಬೂದಿ ಬಣ್ಣದ, ತಿಳಿಹಸಿರು ಬಣ್ಣದ ಮಚ್ಚೆಗಳಿರುತ್ತವೆ. ಕೊಳೆ ಅಂದುಕೊಂಡು ಮುಂದೆ ಹೋಗುತ್ತೇವೆ. ಅದು ಜೀವ. ಕಲ್ಲುಹೂವಿನ ಜಾತಿಗೆ ಸೇರಿದ್ದು. ಮಸಾಲೆ ಪುಡಿಗೆ ಹಾಕುವ ಕಲ್ಲುಹೂವು ಇದರದ್ದೇ ಬಳಗ. ಇದು ಒಂದು ಜೀವವೂ ಅಲ್ಲ, ಕನಿಷ್ಠ ಇಬ್ಬರ ಸಂಸಾರ. ಒಂದು ಶಿಲೀಂಧ್ರ, ಅಂದರೆ ಅಣಬೆಯ ಕುಲದ್ದು; ಇನ್ನೊಂದು ಪಾಚಿ. ಶಿಲೀಂಧ್ರ ಕಲ್ಲನ್ನು ಗಟ್ಟಿಯಾಗಿ ಹಿಡಿದು ತೇವ ಕಾಪಾಡಿ ಮನೆ ಕಟ್ಟುತ್ತದೆ, ಪಾಚಿ ಬಿಸಿಲಿನಿಂದ ಅಡುಗೆ ಮಾಡುತ್ತದೆ. ಬರೀ ಕಲ್ಲಿನ ಮೇಲೆ ಒಬ್ಬರೇ ಬದುಕಲಾರದ ಕಡೆ ಇಬ್ಬರೂ ಸೇರಿ ಬದುಕುತ್ತಾರೆ. ಬೆಳವಣಿಗೆ ಮಾತ್ರ ಬಲು ನಿಧಾನ. ಕೆಲವು ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹಬ್ಬುವುದಿಲ್ಲ. ಅಂಗೈ ಅಗಲದ ಮಚ್ಚೆ ಎಂದರೆ ನಮ್ಮ ತಾತನ ಕಾಲಕ್ಕಿಂತ ಹಿಂದಿನದ್ದಿರಬಹುದು. ಅದನ್ನು ಕೆರೆದು ತಮ್ಮ ಹೆಸರನ್ನೋ ಪ್ರಿಯತಮೆಯ ಹೆಸರನ್ನೋ ಬರೆದು ಹೋಗುವ ಹುಡುಗರಿಗೆ ಇದನ್ನು ಯಾರಾದರೂ ಹೇಳಿದ್ದರೆ ಅವರ ಕೈ ಅಷ್ಟು ಸಲೀಸಾಗಿ ಓಡುತ್ತಿರಲಿಲ್ಲ.

ಮರದ ನೆರಳಿಗೆ ಬನ್ನಿ. ಎಲೆಗಳ ಸಂದಿನಿಂದ ನೆಲದ ಮೇಲೆ ಬಿಸಿಲಿನ ಚುಕ್ಕೆಗಳು ಬಿದ್ದಿರುತ್ತವೆ. ಎಲೆಯ ಸಂದು ಒಂದೊಂದು ಒಂದೊಂದು ಆಕಾರ. ಕೆಳಗೆ ಬಿದ್ದ ಬೆಳಕು ಮಾತ್ರ ಹೆಚ್ಚಾಗಿ ದುಂಡಗೆ. ಯಾಕೆ? ಆ ಪ್ರತಿಯೊಂದು ಚುಕ್ಕೆಯೂ ಸೂರ್ಯನ ಬಿಂಬ. ಸಣ್ಣ ರಂಧ್ರದಿಂದ ಹಾದುಬಂದ ಬೆಳಕು ರಂಧ್ರದ ಆಕಾರವನ್ನು ಬಿಟ್ಟು ಸೂರ್ಯನ ಆಕಾರವನ್ನು ಹೊತ್ತು ತರುತ್ತದೆ. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ಆಯಿತಲ್ಲ, ಆವತ್ತು ಮರದ ಕೆಳಗೆ ನೋಡಿದವರಿಗೆ ಇದು ಚೆನ್ನಾಗಿ ಗೊತ್ತಾಯಿತು. ನೆಲದ ತುಂಬ ಕುಡುಗೋಲಿನ ಆಕಾರದ ಬಿಸಿಲು ಬಿದ್ದಿತ್ತು. ಕಂಕಣ ಪೂರ್ತಿಯಾಗಿ ಕಂಡ ಕೊಡಗಿನ ಕೆಲವು ಕಡೆಗಳಲ್ಲಿ ಬಳೆ ಬಳೆಯಂಥ ಬೆಳಕು. ಗ್ರಹಣ ಬಿಟ್ಟ ಮೇಲೂ ಸೂರ್ಯ ದಿನವೂ ಹೀಗೆ ನೂರಾರು ಬಿಂಬವಾಗಿ ನಮ್ಮ ಕಾಲ ಬಳಿ ಇಳಿದು ಬರುತ್ತಲೇ ಇದ್ದಾನೆ. ನಾವು ತುಳಿದುಕೊಂಡು ಹೋಗುತ್ತೇವೆ.

ದಾರಿಯಲ್ಲಿ ಅತ್ತಿ ಮರ ಸಿಕ್ಕರೆ ಅಲ್ಲೂ ಒಂದು ನಿಮಿಷ ನಿಲ್ಲಿ. "ಅತ್ತಿಯ ಹೂವು ಕಂಡವರಿಲ್ಲ" ಎನ್ನುತ್ತಾರೆ. "ಅತ್ತಿ ಹಣ್ಣು ಬಿಡಿಸಿದರೆ ಬರೀ ಹುಳ" ಎಂದೂ ಅನ್ನುತ್ತಾರೆ. ಮೇಲೆ ಚೆಂದ, ಒಳಗೆ ಹುಳುಕು ಎಂಬ ಅರ್ಥದಲ್ಲಿ ಎರಡನೆಯದನ್ನು ಬಳಸುತ್ತೇವೆ. ಎರಡು ಮಾತನ್ನೂ ಸೇರಿಸಿ ನೋಡಿದರೆ ಬೇರೆಯದೇ ಕಥೆ ತೆರೆದುಕೊಳ್ಳುತ್ತದೆ. ಅತ್ತಿಯ ಹೂವು ಕಾಣದಿರುವುದು ಅದು ಕಾಯಿಯೊಳಗೇ ಇರುವುದರಿಂದ. ಕಾಯಿ ಅನ್ನುವುದೇ ನೂರಾರು ಪುಟ್ಟ ಹೂಗಳನ್ನು ಒಳಗಿಟ್ಟುಕೊಂಡ ಚೀಲ. ಆ ಹೂವಿಗೆ ಪರಾಗ ತಂದುಕೊಡುವುದು ಒಂದು ಅತಿ ಸಣ್ಣ ಕಣಜದ ಹುಳ. ಕಾಯಿಯ ತುದಿಯ ಕಿಂಡಿಯಿಂದ ಒಳಗೆ ನುಗ್ಗಿ, ಪರಾಗ ಮುಟ್ಟಿಸಿ, ಅಲ್ಲೇ ಮೊಟ್ಟೆಯಿಟ್ಟು ತನ್ನ ಬಾಳು ಮುಗಿಸುತ್ತದೆ. ಅದರ ಮರಿಗಳು ಅಲ್ಲಿಂದ ಹೊರಟು ಇನ್ನೊಂದು ಮರ ಹುಡುಕುತ್ತವೆ. ಆ ಹುಳ ಇಲ್ಲದಿದ್ದರೆ ಅತ್ತಿಯಲ್ಲಿ ಬೀಜ ಕಟ್ಟುವುದಿಲ್ಲ, ಅತ್ತಿ ಇಲ್ಲದಿದ್ದರೆ ಆ ಹುಳದ ವಂಶವಿಲ್ಲ. ಹಾಗಾದರೆ ಹಣ್ಣಿನೊಳಗಿನ ಹುಳ ಹಣ್ಣಿನ ದೋಷವೋ, ಹಣ್ಣಿನ ಉಪಕಾರಿಯೋ? ಬಿಡಿಸಿ ನೋಡಿ ಬಿಸಾಡಿದವನಿಗೆ ಇದು ಗೊತ್ತಾಗಲಿಲ್ಲ. ಬಿಡಿಸಿ ನೋಡಿ, ಇನ್ನಷ್ಟು ಹೊತ್ತು ನೋಡಿದವನಿಗೆ ಗೊತ್ತಾಯಿತು.

ಇದು ಚಪಲವಲ್ಲವೇ?

ಇಷ್ಟು ಹೇಳಿದ ಮೇಲೆ ಹಿರಿಯರೊಬ್ಬರು ಎದ್ದು ಕೇಳಬಹುದು. "ಅಲ್ಲಯ್ಯ, ಮನಸ್ಸನ್ನು ಒಂದು ಕಡೆ ನಿಲ್ಲಿಸಬೇಕು ಅಂತ ಶಾಸ್ತ್ರ ಹೇಳುತ್ತದೆ. ನೀನು ನೋಡಿದರೆ ಕಾಯಿಯ ಕಣ್ಣು, ಇರುವೆ, ಪಾಚಿ ಅಂತ ಹತ್ತು ಕಡೆ ಓಡಿಸುತ್ತೀಯಲ್ಲ?" ನ್ಯಾಯವಾದ ಪ್ರಶ್ನೆ.

ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಒಬ್ಬ ಅವಧೂತನ ಪ್ರಸಂಗ ಬರುತ್ತದೆ. ಮನೆ ಮಠ ಇಲ್ಲದೆ ತಿರುಗುವ ಅವನ ಮುಖದಲ್ಲಿ ಅಷ್ಟೊಂದು ಆನಂದ ಕಂಡು ಯದು ಮಹಾರಾಜ, "ನಿನಗೆ ಇದು ಎಲ್ಲಿಂದ ಬಂತು?" ಎಂದು ಕೇಳುತ್ತಾನೆ. ಅವಧೂತ ತನ್ನ 24 ಗುರುಗಳ ಪಟ್ಟಿ ಹೇಳುತ್ತಾನೆ. ಭೂಮಿ, ಗಾಳಿ, ನೀರು, ಚಂದ್ರ, ಪಾರಿವಾಳ, ಹೆಬ್ಬಾವು, ಜೇನುಹುಳ, ಮೀನು, ಜೇಡ, ಆಟವಾಡುವ ಮಗು. ಒಬ್ಬಳು ಬಡ ಹುಡುಗಿ. ಮನೆಗೆ ನೆಂಟರು ಬಂದಾಗ ಒಳಗೆ ಭತ್ತ ಕುಟ್ಟುತ್ತಾ, ಬಳೆ ಸದ್ದಾಗುತ್ತದೆಂದು ನಾಚಿ ಒಂದೊಂದೇ ಬಳೆ ತೆಗೆದು ಕೈಗೊಂದು ಉಳಿಸಿಕೊಂಡವಳು. ಆ ಪಟ್ಟಿಯಲ್ಲಿ ದೊಡ್ಡ ಗದ್ದುಗೆಯ ಮೇಲೆ ಕೂತವರು ಒಬ್ಬರೂ ಇಲ್ಲ. ಎಲ್ಲವೂ ಹಾದಿಬದಿಯಲ್ಲಿ, ಹಿತ್ತಲಲ್ಲಿ ಸಿಕ್ಕುವವು.

ಆ ಪಟ್ಟಿಯಲ್ಲೇ ಬಾಣ ಮಾಡುವವನೊಬ್ಬನಿದ್ದಾನೆ. ಅವನು ಕೆಲಸದಲ್ಲಿ ಎಷ್ಟು ಮುಳುಗಿದ್ದನೆಂದರೆ ಪಕ್ಕದಲ್ಲೇ ರಾಜನ ಮೆರವಣಿಗೆ ಹೋದರೂ ಅವನಿಗೆ ತಿಳಿಯಲಿಲ್ಲ. ಏಕಾಗ್ರತೆಗೆ ಅವನು ಗುರು. ನಮ್ಮ ಹಿರಿಯರ ಪ್ರಶ್ನೆಗೆ ಅವನೇ ಸಾಕ್ಷಿ ಅಂತಲೂ ಹೇಳಬಹುದು. ಆದರೆ ಒಂದು ಸೂಕ್ಷ್ಮವಿದೆ. ಬಾಣ ಮಾಡುವವನು ರಾಜನನ್ನು ನೋಡಲಿಲ್ಲ, ಸರಿ. ಆ ಬಾಣ ಮಾಡುವವನನ್ನು ನೋಡಿದವನು ಯಾರು? ದಾರಿಯಲ್ಲಿ ಕಣ್ಣು ತೆರೆದು ನಡೆಯುತ್ತಿದ್ದ ಅವಧೂತ. ಮೆರವಣಿಗೆಯ ಗದ್ದಲದ ನಡುವೆ, ಆನೆ ಕುದುರೆ ಛತ್ರ ಚಾಮರ ಎಲ್ಲ ಬಿಟ್ಟು, ಮೂಲೆಯಲ್ಲಿ ಕೂತು ಬಾಣ ತಿದ್ದುತ್ತಿದ್ದವನ ಮೇಲೆ ಅವನ ಕಣ್ಣು ಬಿತ್ತು. ಹಾಗಾಗಿ ಏಕಾಗ್ರತೆಗೂ ಬೆರಗಿಗೂ ಜಗಳವಿಲ್ಲ. ಬೆರಗು ಎಂದರೆ ಒಂದು ಸಣ್ಣ ವಸ್ತುವಿನ ಮೇಲೆ ಮನಸ್ಸು ಸ್ವಲ್ಪ ಹೊತ್ತು ತಾನಾಗಿ ನಿಲ್ಲುವುದು.

ಚಪಲ ಬೇರೆ. ಚಪಲಕ್ಕೆ ಯಾವಾಗಲೂ ಮುಂದಿನದ್ದು ಬೇಕು. ಮೊಬೈಲಿನಲ್ಲಿ ಬೆರಳು ಜಾರಿಸುತ್ತಾ ಒಂದು ಗಂಟೆ ಕಳೆದವರನ್ನು ಏನೇನು ನೋಡಿದೆ ಅಂತ ಕೇಳಿ. "ಏನೋ ಬಂತಪ್ಪ, ಏನೋ ಹೋಯ್ತು" ಅನ್ನುತ್ತಾರೆ. ಪಕ್ಕದ ಮನೆಗೆ ಯಾರು ಬಂದರು, ಯಾಕೆ ಬಂದರು ಎಂಬ ಕುತೂಹಲವೂ ಕುತೂಹಲವೇ. ಅದು ಮುಗಿಯುವುದು ಯಾರನ್ನಾದರೂ ಹಗುರ ಮಾಡುವುದರಲ್ಲಿ. ಬೆರಗಿನಿಂದ ನೋಡಿದ್ದು ನೆನಪಿನಲ್ಲಿ ಉಳಿಯುತ್ತದೆ, ಇನ್ನೊಬ್ಬರಿಗೆ ತೋರಿಸೋಣ ಅನ್ನಿಸುತ್ತದೆ, ನೋಡಿದ ವಸ್ತುವಿನ ಮೇಲೆ ಗೌರವ ಹೆಚ್ಚಾಗುತ್ತದೆ. ಎರಡನ್ನೂ ಬೇರ್ಪಡಿಸಲು ಇಷ್ಟು ಸಾಕು.

ಬೆರಗು ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಸರ್ ಸಿ.ವಿ. ರಾಮನ್ ಅವರೇ ಸಾಕ್ಷಿ. 1921ರಲ್ಲಿ ಹಡಗಿನಲ್ಲಿ ಹೋಗುವಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಬಣ್ಣ ಅವರ ಕಣ್ಣು ಹಿಡಿಯಿತು. ಆಕಾಶದ ನೀಲಿ ನೀರಿನಲ್ಲಿ ಪ್ರತಿಫಲಿಸುತ್ತದೆ ಎಂದು ಅದುವರೆಗೆ ದೊಡ್ಡವರು ಹೇಳಿದ್ದರು. ರಾಮನ್ ಅದಕ್ಕೆ ಸಮಾಧಾನ ಪಡಲಿಲ್ಲ. ಆ ಪ್ರಶ್ನೆಯ ಜಾಡು ಹಿಡಿದು ನಡೆದ ಕೆಲಸ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮವಾಗಿ ಫಲ ಕೊಟ್ಟಿತು, 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಸಮುದ್ರ ನೀಲಿ ಎಂಬುದು ಹಡಗಿನಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ನಮಗೆ ನೊಬೆಲ್ ಬೇಡ. ಆದರೆ ಎಲ್ಲರಿಗೂ ಕಾಣುವುದರ ಮುಂದೆ ನಿಂತು "ಯಾಕೆ?" ಅನ್ನುವ ಅಧಿಕಾರ ನಮಗೂ ಉಂಟು.

ಕಷ್ಟದಲ್ಲಿರುವವರಿಗೆ ಇದೆಲ್ಲ ಬೇಕೇ?

ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಭಾರವಾದದ್ದು. ಈ ಬೆಟ್ಟಕ್ಕೆ ಬರುವವರೆಲ್ಲ ಪ್ರವಾಸಕ್ಕೆ ಬಂದವರಲ್ಲ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಅಂತ ಹರಕೆ ಹೊತ್ತು ಬಂದವರಿದ್ದಾರೆ. ಸಾಲಕ್ಕೆ ಹೆದರಿ ಬಂದವರಿದ್ದಾರೆ. ಕಳೆದ ವರ್ಷ ಜೋಡಿಯಾಗಿ ಬಂದು ಈ ವರ್ಷ ಒಬ್ಬರೇ ಬಂದವರಿದ್ದಾರೆ. ಅವರಿಗೆ ಕಲ್ಲುಹೂವಿನ ಕಥೆ ಹೇಳುವುದು ಗಾಯಕ್ಕೆ ಉಪ್ಪು ಹಚ್ಚಿದ ಹಾಗಲ್ಲವೇ?

ಒಂದು ಮಾತು ಮೊದಲೇ ಹೇಳಿಬಿಡಬೇಕು. ಹಸಿದವನಿಗೆ ಹೂವು ತೋರಿಸಬಾರದು, ಮೊದಲು ಅನ್ನ ಕೊಡಬೇಕು. "ಸಣ್ಣದರಲ್ಲೇ ಸಂತೋಷ ಪಡು" ಎಂದು ಬಡವನಿಗೆ ಬುದ್ಧಿ ಹೇಳಿ ಅವನ ಕೂಲಿ ಕಡಿಮೆ ಮಾಡುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅಂಥವರ ಬಾಯಿಗೆ ಈ ಮಾತು ಸಿಕ್ಕದಿರಲಿ. ಬೆರಗು ಅನ್ನದ ಬದಲಿಗೆ ಬರುವಂಥದ್ದಲ್ಲ.

ಆದರೆ ಕಷ್ಟದಲ್ಲಿರುವವರಿಗೆ ಬೆರಗಿನ ಹಕ್ಕೇ ಇಲ್ಲ ಅನ್ನುವುದೂ ಅನ್ಯಾಯ. ಜವಾಹರಲಾಲ್ ನೆಹರೂ ಸ್ವಾತಂತ್ರ್ಯ ಹೋರಾಟದಲ್ಲಿ ಬೇರೆ ಬೇರೆ ಸಲ ಸೇರಿ ಸುಮಾರು 9 ವರ್ಷ ಜೈಲಿನಲ್ಲಿ ಕಳೆದರು. 1936ರಲ್ಲಿ ಹೊರಬಂದ ಅವರ ಆತ್ಮಕಥೆಯಲ್ಲಿ ರಾಜಕೀಯದ ನಡುವೆ ಜೈಲಿನ ಪ್ರಾಣಿಗಳ ಬಗ್ಗೆಯೇ ಒಂದು ಅಧ್ಯಾಯವಿದೆ. ಲಕ್ನೋ ಜೈಲಿನಲ್ಲಿ ಅವರು ಅಲುಗಾಡದೆ ಓದುತ್ತಾ ಕೂತಿದ್ದರೆ ಅಳಿಲು ಕಾಲಿನ ಮೇಲೆ ಹತ್ತಿ ಮಂಡಿಯ ಮೇಲೆ ಕೂತು ಸುತ್ತ ನೋಡುತ್ತಿತ್ತಂತೆ. ಕೋಣೆಯ ಕಣಜದ ಹುಳಗಳ ಜೊತೆ ಮೊದಲು ಜಗಳವಾಗಿ, ಆಮೇಲೆ ಒಬ್ಬರನ್ನೊಬ್ಬರು ಗೌರವಿಸಿಕೊಂಡು ಇದ್ದ ಕಥೆಯನ್ನೂ ಬರೆದಿದ್ದಾರೆ. ಆ ಪುಸ್ತಕ ಬರೆಯುತ್ತಿದ್ದ 1934-35ರಲ್ಲಿ ಹೊರಗೆ ಪತ್ನಿ ಕಮಲಾ ತೀವ್ರ ಕಾಯಿಲೆಯಲ್ಲಿದ್ದರು, 1936ರಲ್ಲಿ ತೀರಿಕೊಂಡರು. ಅಂಥ ಹೊತ್ತಿನಲ್ಲಿ ಅಳಿಲಿನ ನೆನಪು ಮಾಡಿಕೊಂಡು ಬರೆದ ಮನುಷ್ಯನಿಗೆ ದುಃಖವಿರಲಿಲ್ಲ ಎಂದು ಯಾರೂ ಹೇಳಲಾರರು. ಹೊರಗಿನ ಬಾಗಿಲೆಲ್ಲ ಮುಚ್ಚಿದಾಗ ಕಣ್ಣಿನ ಬಾಗಿಲು ಒಂದು ತೆರೆದಿತ್ತು.

ದುಃಖದಲ್ಲಿರುವವರಿಗೆ ಇನ್ನೊಂದು ಸಂಕಟವಿದೆ. ತೀರಿಹೋದವರ ನೆನಪಿನಲ್ಲಿ ಇರುವಾಗ ಯಾವುದೋ ಪುಟ್ಟ ಸಂಗತಿ ಕಂಡು ತುಟಿಯ ಮೇಲೆ ನಗು ಬಂದುಬಿಡುತ್ತದೆ. ಕಿಟಕಿಗೆ ಬಂದ ಗುಬ್ಬಿಯೋ, ಮೊಮ್ಮಗುವಿನ ತಪ್ಪು ಮಾತೋ. ಕೂಡಲೇ ಮನಸ್ಸು ಚುಚ್ಚುತ್ತದೆ: "ಛೇ, ಇಷ್ಟು ಬೇಗ ಮರೆತೆನಾ?" ಹೀಗೆ ಚುಚ್ಚಿಸಿಕೊಂಡು ಇದ್ದ ಒಂದು ಸಂತೋಷವನ್ನೂ ಹೊಸಕಿ ಹಾಕುವವರು ಎಷ್ಟೋ ಜನ. ಅಂಥವರಿಗೆ ಹೇಳಬೇಕಾದ ಮಾತು ಇದು. ನೀವು ಮರೆತಿಲ್ಲ. ದುಃಖ ಪಡುವ ಮನಸ್ಸೂ ಗುಬ್ಬಿಯನ್ನು ನೋಡುವ ಮನಸ್ಸೂ ಒಂದೇ. ಪ್ರೀತಿಸುವ ಶಕ್ತಿ ಇನ್ನೂ ಬತ್ತಿಲ್ಲ ಎಂಬುದಕ್ಕೆ ಎರಡೂ ಗುರುತು. ಆ ಗುಬ್ಬಿಗೆ ನಾಲ್ಕು ಕಾಳು ಹಾಕಿ. ಹೋದವರು ಇದ್ದಿದ್ದರೆ ಅವರನ್ನೂ ಕರೆದು ತೋರಿಸುತ್ತಿದ್ದಿರಿ ತಾನೆ? ಅವರ ಪಾಲಿನದ್ದನ್ನೂ ನೀವೇ ನೋಡಿ.

ಕಲ್ಲಿನಿಂದ ಮನುಷ್ಯರ ಕಡೆಗೆ

ಇನ್ನು ಕೊನೆಯ ಮಾತು, ಮುಖ್ಯವಾದ ಮಾತು. ಸಣ್ಣದನ್ನು ನೋಡುವ ಅಭ್ಯಾಸ ಬೆಳೆಸಿಕೊಂಡರೆ ಏನು ಲಾಭ?

ಮೆಟ್ಟಿಲ ಬುಡದಲ್ಲಿ ಹೂವು ಮಾರುವ ಹೆಂಗಸು ಕೂತಿರುತ್ತಾಳೆ. ಹೂವನ್ನು ಮೊಳದ ಲೆಕ್ಕದಲ್ಲಿ ಕೊಡುತ್ತಾಳೆ. ಮೊಳ ಎಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಉದ್ದ. ಎರಡೂ ಕೈ ಅಗಲಿಸಿದರೆ ಒಂದು ಮಾರು, ಅದು ಹೆಚ್ಚುಕಡಿಮೆ ಅವರವರ ಎತ್ತರದಷ್ಟೇ ಇರುತ್ತದೆ. ಅಂದರೆ ಅವಳ ಅಳತೆಗೋಲು ಅವಳ ಮೈಯೇ. ಆ ಮಾಲೆ ಕಟ್ಟುವಾಗ ಸೂಜಿ ಇಲ್ಲ, ಒದ್ದೆ ಮಾಡಿದ ಬಾಳೆನಾರು ಮತ್ತು ಎರಡು ಕೈ. ಒಂದು ಕೈಯಲ್ಲಿ ಎರಡೆರಡು ಮೊಗ್ಗು ಎದುರುಬದುರಾಗಿ ಜೋಡಿಸಿ, ಇನ್ನೊಂದು ಕೈಯಲ್ಲಿ ನಾರು ಸುತ್ತಿ ಬಿಗಿಯುತ್ತಾಳೆ. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸುತ್ತದೆ, ಕಡಿಮೆಯಾದರೆ ಮೊಗ್ಗು ಉದುರುತ್ತದೆ. ಕಣ್ಣು ಗಿರಾಕಿಯ ಮೇಲಿದ್ದರೂ ಬೆರಳು ತಪ್ಪುವುದಿಲ್ಲ. ಒಂದು ಮೊಳದಲ್ಲಿ ಎಷ್ಟು ಗಂಟು ಇರುತ್ತವೆ ಎಂದು ಎಣಿಸಿ ನೋಡಿ. ಎಣಿಸಿದ ಮೇಲೆ ಐದು ರೂಪಾಯಿಗೆ ಚೌಕಾಸಿ ಮಾಡಲು ನಾಲಿಗೆ ಏಳುವುದಿಲ್ಲ. "ಯಾವಾಗ ಎದ್ದು ಕಟ್ಟಿದ್ಯಮ್ಮ ಇದನ್ನೆಲ್ಲ?" ಎಂದು ಕೇಳಬೇಕು ಅನ್ನಿಸುತ್ತದೆ. ಹಾಗೆ ಕೇಳಿದಾಗ ಅವಳು ಕೊಡುವ ಉತ್ತರ ಏನೇ ಇರಲಿ, ಅದುವರೆಗೆ "ಹೂವಿನವಳು" ಆಗಿದ್ದವಳು ಒಬ್ಬ ಮನುಷ್ಯಳಾಗಿ ಕಾಣುತ್ತಾಳೆ.

ಕಣ್ಣಿಗೆ ಅಭ್ಯಾಸ ಎಂಬುದೊಂದಿದೆ. ದಾರಿಯ ಕಲ್ಲನ್ನು ದಾಟಿಕೊಂಡು ಹೋಗಿ ಹೋಗಿ ರೂಢಿಯಾದ ಕಣ್ಣು ಮನುಷ್ಯರನ್ನೂ ಹಾಗೇ ದಾಟುತ್ತದೆ. ಡೋಲಿ ಹೊರುವವನ ಹೆಗಲ ಮೇಲಿನ ಕಪ್ಪುಗಟ್ಟಿದ ಗುರುತು, ಪ್ರಸಾದ ಬಡಿಸುವವನ ಬೆವರು, ಕಸ ಗುಡಿಸುವವಳ ಕೆಮ್ಮು ಅದಕ್ಕೆ ಕಾಣುವುದಿಲ್ಲ. ಮನೆಯಲ್ಲೂ ಅಷ್ಟೇ. ಹೆಂಡತಿಯ ಮುಖ ಬಾಡಿರುವುದು, ಅಪ್ಪನ ಕೈ ನಡುಗಲು ಶುರುವಾಗಿರುವುದು, ಮಗ ಒಂದು ವಾರದಿಂದ ಮಾತು ಕಡಿಮೆ ಮಾಡಿರುವುದು, ಇವೆಲ್ಲ ಬಹಳ ಸಣ್ಣ ಸಂಗತಿಗಳು. ಸಣ್ಣದನ್ನು ನೋಡುವ ಅಭ್ಯಾಸವಿದ್ದವರಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಕಾಣುತ್ತವೆ. ಉಳಿದವರಿಗೆ ದೊಡ್ಡದಾದ ಮೇಲೆ ಕಾಣುತ್ತವೆ. ಆಗ ಆಸ್ಪತ್ರೆಗೂ ಹರಕೆಗೂ ಓಡಾಡುತ್ತೇವೆ.

ಆದ್ದರಿಂದ ಬೆರಗನ್ನು ಹೊಟ್ಟೆ ತುಂಬಿದವರ ಹವ್ಯಾಸ ಎಂದು ತಳ್ಳಬೇಡಿ. ಅದು ಕರುಣೆಯ ಮೊದಲ ಪಾಠ. ಇರುವೆಗೆ ದಾರಿ ಬಿಟ್ಟು ಕಾಲಿಡುವ ಮಗುವಿನ ಕೈಯನ್ನು ಎಳೆಯುವಾಗ ನಾವು ಎಳೆಯುತ್ತಿರುವುದು ಇದರಿಂದಲೇ.

2020ರಲ್ಲಿ ಕೊರೋನಾ ಬಂದಾಗ ದೇವಸ್ಥಾನಗಳ ಬಾಗಿಲೂ ಮುಚ್ಚಿದವು. ಯಾತ್ರೆ ಇಲ್ಲ, ಜಾತ್ರೆ ಇಲ್ಲ. ಆಗ ಎಷ್ಟೋ ಜನ ಮಾಳಿಗೆಯ ಮೇಲೆ ನಿಂತು ತಮ್ಮ ಬೀದಿಯ ಮರಕ್ಕೆ ಯಾವ ಯಾವ ಹಕ್ಕಿ ಬರುತ್ತದೆ ಎಂದು ಮೊದಲ ಸಲ ನೋಡಿದರು. ಬೆಟ್ಟಕ್ಕೆ ಬರಲಾಗದ ದಿನಗಳು ವಯಸ್ಸಾದಂತೆ ಎಲ್ಲರಿಗೂ ಬರುತ್ತವೆ. ಮಂಡಿ ಕೇಳುವುದಿಲ್ಲ, ಉಸಿರು ಕೇಳುವುದಿಲ್ಲ. ಆ ದಿನಗಳಿಗೆ ಬೇಕಾದದ್ದನ್ನು ಕಾಲು ಗಟ್ಟಿ ಇರುವಾಗಲೇ ಕಲಿತಿಟ್ಟುಕೊಳ್ಳುವುದು ಜಾಣತನ.

ಮಾಡಬೇಕಾದ್ದು ಬಹಳ ಏನಿಲ್ಲ. ಇಳಿಯುವಾಗ ಮೂರು ಕಡೆ ನಿಲ್ಲಿ. ಒಂದು ಕಲ್ಲನ್ನು, ಒಂದು ಗಿಡವನ್ನು, ಒಬ್ಬ ಮನುಷ್ಯರನ್ನು ಸರಿಯಾಗಿ ನೋಡಿ. ಫೋಟೋ ಆಮೇಲೆ ತೆಗೆಯಿರಿ, ಮೊದಲು ಕಣ್ಣಿನಲ್ಲಿ ನೋಡಿ. ಮನೆಗೆ ಹೋದ ಮೇಲೆ ರಾತ್ರಿ ಊಟಕ್ಕೆ ಕೂತಾಗ ಟಿ.ವಿ. ಸ್ವಲ್ಪ ಹೊತ್ತು ಆರಿಸಿ, "ಇವತ್ತು ನೀನು ಹೊಸದಾಗಿ ಏನು ನೋಡಿದೆ?" ಎಂದು ಒಬ್ಬರನ್ನೊಬ್ಬರು ಕೇಳಿ. ಮೊದಲ ದಿನ ಮಕ್ಕಳು ನಗುತ್ತಾರೆ. ವಾರ ಕಳೆಯುವಷ್ಟರಲ್ಲಿ ಹೇಳುವುದಕ್ಕೆ ಪೈಪೋಟಿ ನಡೆಸುತ್ತಾರೆ. ಮಾತು ಬಿಟ್ಟಿದ್ದ ಅಜ್ಜನೂ ಒಂದು ದಿನ ಬಾಯಿ ಬಿಟ್ಟಾರು.

ಪ್ರಸಾದದ ಜೊತೆ ಇಷ್ಟನ್ನು ಕಟ್ಟಿಕೊಂಡು ಹೋಗಿ. ಪ್ಲಾಸ್ಟಿಕ್ ಚೀಲವನ್ನು ಮಾತ್ರ ದಾರಿಯಲ್ಲಿ ಬಿಡಬೇಡಿ, ಕಲ್ಲುಹೂವಿಗೂ ಉಸಿರಾಡಲು ಜಾಗ ಬೇಕು. ನಿಮ್ಮ ಪ್ರಯಾಣ ಸುಖಕರವಾಗಲಿ, ಹೊತ್ತು ತಂದ ಹರಕೆ ಕೈಗೂಡಲಿ. ಎಲ್ಲರಿಗೂ ಒಳ್ಳೆಯದಾಗಲಿ.